ಸುದ್ದಿಗೆ ಮುಂಚೆ ನಗಾರಿ ಯಾಕೆ?

2025ರ ಮೇ 10ರಂದು ಕೇಂದ್ರ ಗೃಹ ಸಚಿವಾಲಯದ ನಾಗರಿಕ ರಕ್ಷಣಾ ವಿಭಾಗವು ಮಾಧ್ಯಮಗಳಿಗೆ ಒಂದು ಸೂಚನೆ ಕಳಿಸಿತು. ಜನರಿಗೆ ತಿಳಿವಳಿಕೆ ಕೊಡೋದಕ್ಕೆ ಬಿಟ್ಟು ಬೇರೆ ಯಾವ ಕಾರ್ಯಕ್ರಮದಲ್ಲೂ ವಾಯುದಾಳಿ ಸೈರನ್ನಿನ ಸದ್ದು ಬಳಸಬೇಡಿ ಅಂತ. ಕಾರಣವನ್ನೂ ಹೇಳಿತ್ತು: ಹೀಗೆ ದಿನಾ ಸೈರನ್ ಕೇಳಿಸಿದರೆ, ನಿಜವಾದ ದಾಳಿಯ ಹೊತ್ತಿಗೆ ಜನ ಅದನ್ನು ಟಿವಿಯವರ ಮಾಮೂಲಿ ಸದ್ದು ಅಂದುಕೊಂಡುಬಿಡಬಹುದು.

ಆಪರೇಷನ್ ಸಿಂಧೂರ ಶುರುವಾಗಿ ಆಗ ಮೂರು ದಿನ. ಆ ದಿನಗಳಲ್ಲಿ ಹರಿದಾಡಿದ ಸುಳ್ಳು ಸುದ್ದಿಗಳ ಬಗ್ಗೆ ಬೇಕಾದಷ್ಟು ಚರ್ಚೆ ಆಯಿತು. ಸೈರನ್ನಿನ ಬಗ್ಗೆ ಅಷ್ಟು ಆಗಲಿಲ್ಲ. ನನಗೆ ಈ ಸೂಚನೆ ಮುಖ್ಯ ಅನ್ನಿಸೋದು ಬೇರೆ ಕಾರಣಕ್ಕೆ. ಸುದ್ದಿಯ ಪದಗಳು ಮಾತ್ರವಲ್ಲ, ಅದರ ಸುತ್ತಲಿನ ಸದ್ದೂ ಜನರ ಮೇಲೆ ಕೆಲಸ ಮಾಡುತ್ತೆ ಅಂತ ಸರ್ಕಾರವೇ ಲಿಖಿತವಾಗಿ ಒಪ್ಪಿಕೊಂಡ ಹಾಗಾಯಿತು.

ಈ ಕೆಲಸ ನಡೆಯೋದು ಹೇಗೆ ಅಂತ ತಿಳಿಯಬೇಕಾದರೆ ಸುದ್ದಿಯನ್ನು ಸ್ವಲ್ಪ ಬದಿಗಿಟ್ಟು ಧಾರಾವಾಹಿಗಳ ಟೈಟಲ್ ಕಾರ್ಡ್ ನೋಡಬೇಕು. ಹೆಸರುಗಳು ಬರುವ ಆ ಒಂದು ನಿಮಿಷದಲ್ಲಿ ಕಥೆ ಏನೂ ಮುಂದೆ ಹೋಗಲ್ಲ. ಆದರೆ ಯಾವ ಮನಸ್ಥಿತಿಯಲ್ಲಿ ಕೂತು ನೋಡಬೇಕು ಅನ್ನೋದು ಅಲ್ಲೇ ತೀರ್ಮಾನ ಆಗಿಬಿಡುತ್ತೆ.

ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ನೆನಪಿಸಿಕೊಳ್ಳಿ. ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತದಲ್ಲಿ ಪದಗಳೇ ಇಲ್ಲದ ಒಂದು ಗುನುಗು. ಇಲ್ಲಿ ಯುದ್ಧ ಆಗಲ್ಲ, ಅವತಾರ ಪುರುಷ ಬರಲ್ಲ, ಆದರೂ ಕೂತು ನೋಡಿ ಅನ್ನುವ ಭರವಸೆ ಅದರಲ್ಲಿತ್ತು. ಶಾಲೆಗೆ ಹೋಗುವ ಹುಡುಗನೊಬ್ಬ, ಅಂಚೆಯವನೊಬ್ಬ ನಮ್ಮ ಗಮನಕ್ಕೆ ಯೋಗ್ಯರು ಅಂತ ಆ ರಾಗ ಮೊದಲೇ ಹೇಳಿಬಿಡುತ್ತಿತ್ತು. ಇದೂ ಒಂದು ರಾಜಕೀಯವೇ. ದೇಶ ಅಂದರೆ ಯಾರು ಅನ್ನೋ ಪ್ರಶ್ನೆಗೆ ಅದು ಕೊಟ್ಟ ಉತ್ತರ ತೀರಾ ಮೆಲುದನಿಯದು, ಅಷ್ಟೇ.

1988ರ ಕೊನೆಯ ತಿಂಗಳುಗಳಿಗೆ ಬನ್ನಿ. ಒಂದೇ ದೂರದರ್ಶನದಲ್ಲಿ ಎರಡು ದೊಡ್ಡ ಸರಣಿಗಳು ಶುರುವಾದವು. ಅಕ್ಟೋಬರ್ 2ರಂದು ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’, ಕೆಲವೇ ವಾರಗಳ ನಂತರ ಶ್ಯಾಮ್ ಬೆನೆಗಲ್ ಅವರ ‘ಭಾರತ್ ಏಕ್ ಖೋಜ್’. ಎರಡೂ ಸಂಸ್ಕೃತದ ಮೊರೆಹೋದವು. ಎರಡೂ ಪ್ರಾಚೀನ ಭಾರತವನ್ನೇ ಕರೆದವು. ಆದರೆ ಕರೆದ ರೀತಿ ಬೇರೆ.

‘ಮಹಾಭಾರತ’ದ ಟೈಟಲ್ ಹಾಡಿನಲ್ಲಿ ಮಹೇಂದ್ರ ಕಪೂರ್ ಅವರ ಕಂಚಿನ ಕಂಠ, ಧರ್ಮಕ್ಕೆ ಹಾನಿ ಬಂದಾಗ ಅವತರಿಸುತ್ತೇನೆ ಎನ್ನುವ ಗೀತೆಯ ಶ್ಲೋಕ. ನಡೆಯಬೇಕಾದ್ದು ನಡೆದೇ ತೀರುತ್ತೆ, ನೀವು ಕೈಮುಗಿದು ನೋಡಿ ಅನ್ನುವ ಖಚಿತತೆ ಅದು. ‘ಭಾರತ್ ಏಕ್ ಖೋಜ್’ಗೆ ವನರಾಜ್ ಭಾಟಿಯಾ ಆರಿಸಿಕೊಂಡಿದ್ದು ಋಗ್ವೇದದ ನಾಸದೀಯ ಸೂಕ್ತವನ್ನು. ಈ ಸೃಷ್ಟಿ ಎಲ್ಲಿಂದ ಬಂತು, ಯಾರಿಗೆ ಗೊತ್ತು, ಮೇಲೆ ಕೂತು ನೋಡುತ್ತಿರುವವನಿಗೂ ಗೊತ್ತೋ ಇಲ್ಲವೋ ಎಂದು ಕೇಳುವ ಸೂಕ್ತ ಅದು. ನೆಹರೂ ಅಹ್ಮದ್‌ನಗರ ಕೋಟೆಯ ಸೆರೆಯಲ್ಲಿ ಬರೆದ ಪುಸ್ತಕವನ್ನು ಆಧರಿಸಿದ 53 ಕಂತುಗಳ ಸರಣಿ, ಪ್ರತಿ ಸಲವೂ ಅನುಮಾನದಿಂದಲೇ ಶುರುವಾಗುತ್ತಿತ್ತು. ವೇದವನ್ನು ಹಾಡುತ್ತಲೇ, ನಮಗೆ ಎಲ್ಲ ಗೊತ್ತಿಲ್ಲ ಅಂತ ಹೇಳಬಹುದು ಎಂದು ಅದು ತೋರಿಸಿತು.

ಇದನ್ನು ಒಳ್ಳೆಯದು-ಕೆಟ್ಟದ್ದು ಅಂತ ಸುಲಭವಾಗಿ ಸೀಳೋಕೆ ಬರಲ್ಲ. ‘ಮಹಾಭಾರತ’ದ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಅಲ್ಲಿ ಕಥೆ ಹೇಳುವುದು ದೇವರಲ್ಲ, ಋಷಿಯೂ ಅಲ್ಲ. ಹರೀಶ್ ಭಿಮಾನಿ ಅವರ ದನಿಯಲ್ಲಿ ಮಾತಾಡುವ ಕಾಲ. ಯಾರ ಪಕ್ಷಕ್ಕೂ ಸೇರದ ನಿರೂಪಕ. ಅಂದರೆ ಭಕ್ತಿಯ ಟೈಟಲ್ ಹಾಡಿನ ಬೆನ್ನಲ್ಲೇ ಒಂದು ನಿರ್ಲಿಪ್ತ ದನಿ ಕೂತಿತ್ತು. ಸದ್ದಿನೊಳಗಿನ ಈ ಪದರಗಳನ್ನು ಕೇಳಿಸಿಕೊಳ್ಳೋಕೆ ಸಮಯ ಬೇಕು.

ಸದ್ದು ಎಷ್ಟು ಬಲಶಾಲಿ ಅಂದರೆ ಕೆಲವೊಮ್ಮೆ ಕಥೆಯನ್ನೇ ಸೋಲಿಸುತ್ತೆ. 2020ರಲ್ಲಿ ಬಂದ ಹನ್ಸಲ್ ಮೆಹ್ತಾ ಅವರ ‘ಸ್ಕ್ಯಾಮ್ 1992’ ಹೇಳಿದ್ದು ಷೇರುಪೇಟೆಯ ಹಗರಣದ, ಏರಿ ಬಿದ್ದ ದಲ್ಲಾಳಿಯ ಕಥೆ. ಆದರೆ ಅಚಿಂತ್ ಠಕ್ಕರ್ ಅವರ ಥೀಮ್ ಸಂಗೀತ ಜನರ ರಿಂಗ್‌ಟೋನ್ ಆಯಿತು, ರೀಲ್ಸ್‌ನಲ್ಲಿ ‘ಬಾಸ್ ಬಂದ’ ಅನ್ನೋದಕ್ಕೆ ಹಿನ್ನೆಲೆ ಆಯಿತು. ವಂಚನೆಯ ಲೆಕ್ಕ ಮರೆತು ಹೋಯಿತು, ಗತ್ತು ಉಳಿಯಿತು.

ಇಷ್ಟೆಲ್ಲ ಶಕ್ತಿಯಿರುವ ಟೈಟಲ್‌ಗಳನ್ನು ಈಗ ನಾವು ನೋಡೋದೇ ಇಲ್ಲ. ನೆಟ್‌ಫ್ಲಿಕ್ಸ್ 2017ರಲ್ಲಿ ‘ಸ್ಕಿಪ್ ಇಂಟ್ರೊ’ ಬಟನ್ ತಂದಿತು. ದಿನಕ್ಕೆ 13.6 ಕೋಟಿ ಸಲ ಅದನ್ನು ಒತ್ತಲಾಗುತ್ತದೆ ಅಂತ 2022ರಲ್ಲಿ ಆ ಕಂಪನಿಯೇ ಹೇಳಿತ್ತು. ಕಥೆಗಳ ಮುನ್ನುಡಿ ನಮಗೆ ಬೇಡವಾಗಿದೆ. ಹಾಗಾದರೆ ಆ ಕಲೆ ಸತ್ತುಹೋಯಿತಾ? ಇಲ್ಲ, ಸುದ್ದಿಗೆ ವಲಸೆ ಹೋಯಿತು ಅನ್ನೋದು ನನ್ನ ವಾದ.

ರಾತ್ರಿ ಒಂಬತ್ತರ ಯಾವುದೇ ಚರ್ಚಾ ಕಾರ್ಯಕ್ರಮ ಹಾಕಿ ನೋಡಿ. ಉರಿಯುವ ಅಕ್ಷರಗಳು, ನಗಾರಿ, ಒಡೆಯುವ ಗಾಜು, ಕುಸ್ತಿ ಅಖಾಡದ ಪೋಸ್ಟರ್ ಥರ ಎದುರುಬದುರು ನಿಂತ ಎರಡು ಮುಖಗಳು. ಆಮೇಲೆ ಕೆಂಪು ಪಟ್ಟಿಯಲ್ಲಿ ಒಂದು ಆರೋಪ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ. ನಿರೂಪಕ ಇನ್ನೂ ಬಾಯಿ ಬಿಟ್ಟಿಲ್ಲ. ಅಷ್ಟರಲ್ಲಿ ಯಾರೋ ನಮ್ಮ ಮೇಲೆ ದಾಳಿ ಮಾಡುತ್ತಿದ್ದಾರೆ ಅಂತ ಮೈಗೆ ಗೊತ್ತಾಗಿದೆ. ಆ ಯಾರೋ ಯಾವ ಸಮುದಾಯದವರು, ಯಾವ ವಿಶ್ವವಿದ್ಯಾಲಯದವರು ಅನ್ನೋದು ಆಮೇಲೆ ತುಂಬಿಸಿಕೊಳ್ಳುವ ಖಾಲಿ ಜಾಗ ಮಾತ್ರ. ರೈತರ ಪ್ರತಿಭಟನೆಗೂ ಗಡಿಯ ಗುಂಡಿನ ಚಕಮಕಿಗೂ ಅದೇ ನಗಾರಿ ಬಾರಿಸಿದರೆ, ಎರಡನ್ನೂ ನಾವು ಯುದ್ಧ ಅಂತಲೇ ಕೇಳಿಸಿಕೊಳ್ಳುತ್ತೇವೆ.

ಧಾರಾವಾಹಿಯ ಟೈಟಲ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಧಾರಾವಾಹಿ ತಾನು ಕಥೆ ಅಂತ ಒಪ್ಪಿಕೊಂಡಿರುತ್ತೆ. ನಟರು, ಸಂಗೀತ ನಿರ್ದೇಶಕರು ಯಾರು ಅಂತ ಹೆಸರು ಹಾಕುತ್ತೆ. ಸುದ್ದಿಯ ನಗಾರಿಗೆ ಯಾರೂ ಸಹಿ ಹಾಕಿರುವುದಿಲ್ಲ. ಅದಕ್ಕೆ ಸ್ಕಿಪ್ ಬಟನ್ನೂ ಇಲ್ಲ, ಯಾಕಂದರೆ ಶುರುವಿನಲ್ಲಿ ಬಂದ ಸದ್ದು ಇಡೀ ಗಂಟೆ ಮಾತಿನ ಕೆಳಗೆ ಹರಿಯುತ್ತಲೇ ಇರುತ್ತೆ. ಇದರ ವಿರುದ್ಧ ದೂರು ಕೊಡೋದೂ ಕಷ್ಟ. ನಿರೂಪಕ ಆಡಿದ ಮಾತನ್ನು ಅಕ್ಷರಕ್ಕಿಳಿಸಿ ಪ್ರಾಧಿಕಾರದ ಮುಂದೆ, ಕೋರ್ಟಿನ ಮುಂದೆ ಇಡಬಹುದು. ಹಾಗೆ ಬರೆದಿಟ್ಟ ಪ್ರತಿಯಲ್ಲಿ ನಗಾರಿ ಕೇಳಿಸುವುದಿಲ್ಲ.

ಇಲ್ಲಿ ನಮ್ಮ ಕಡೆಯವರಿಗೂ ಒಂದು ಮಾತು ಹೇಳಬೇಕು. ಸಂವಿಧಾನದ ಬಗ್ಗೆ, ಮೀಸಲಾತಿಯ ಬಗ್ಗೆ ನಾವು ಮಾಡುವ ರೀಲ್ಸ್‌ಗಳಿಗೆ ಯಾವ ಬಿಜಿಎಂ ಹಾಕುತ್ತಿದ್ದೇವೆ? ಬಹುತೇಕ ಮಾಸ್ ಸಿನಿಮಾದ ಎಂಟ್ರಿ ಸಂಗೀತವನ್ನೇ ಅಲ್ವಾ? ಸಂವಿಧಾನ ಸಭೆಯ ಕೊನೆಯ ದಿನಗಳಲ್ಲಿ, 1949ರ ನವೆಂಬರ್ 25ರಂದು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ ಎಚ್ಚರಿಸಿದವರು ಅಂಬೇಡ್ಕರ್. ಅವರನ್ನೇ ಸ್ಲೋ ಮೋಷನ್ನಿನಲ್ಲಿ, ಡ್ರಮ್ ಬಡಿತದ ಮೇಲೆ, ಪ್ರಶ್ನೆಯೇ ಕೇಳಬಾರದ ಹೀರೋ ಮಾಡುತ್ತಿದ್ದೇವೆ. ಲೈಕ್ ಬರುತ್ತೆ, ನಿಜ. ಆದರೆ ನೋಡಿದವರಿಗೆ ಅವರು ಹೇಳಿದ್ದೇನು ಅಂತ ನೆನಪಿರುತ್ತಾ? ಎದುರಾಳಿಯ ನಗಾರಿಯನ್ನೇ ಬಾಡಿಗೆಗೆ ತಂದರೆ ಅದರ ತಾಳವೂ ಜೊತೆಗೇ ಬರುತ್ತೆ.

ಸಂಗೀತವೇ ಬೇಡ ಅಂತ ನಾನು ಹೇಳ್ತಿಲ್ಲ. ಬೆನೆಗಲ್ ಸರಣಿಯ ಟೈಟಲ್ ಗಂಭೀರವಾಗಿತ್ತು, ಜನರನ್ನು ಹಿಡಿದು ಕೂರಿಸುತ್ತಿತ್ತು, ಆದರೂ ಯೋಚಿಸುವುದಕ್ಕೆ ಜಾಗ ಬಿಡುತ್ತಿತ್ತು. ಅಂಥದ್ದನ್ನು ಇವತ್ತೂ ಮಾಡಬಹುದು, ಒಂದು ನಿಮಿಷದ ರೀಲ್‌ನಲ್ಲೂ.

ನೋಡುಗರಾಗಿ ಮಾಡಬಹುದಾದ ಕೆಲಸ ಇನ್ನೂ ಚಿಕ್ಕದು. ಮನೆಯಲ್ಲಿ ರಾತ್ರಿಯ ಚರ್ಚೆ ಹಾಕಿದಾಗ ಮೊದಲ ಒಂದು ನಿಮಿಷ ಸದ್ದು ಬಂದ್ ಮಾಡಿ, ಪರದೆ ಮೇಲಿನ ಅಕ್ಷರಗಳನ್ನಷ್ಟೇ ಓದಿ. ಯಾರು ಏನು ಮಾಡಿದರು, ಯಾವಾಗ, ಎಲ್ಲಿ, ಹೇಳಿದವರು ಯಾರು? ನಾಲ್ಕರಲ್ಲಿ ಎರಡಕ್ಕೂ ಉತ್ತರ ಸಿಗದಿದ್ದರೆ ಅಲ್ಲಿ ಸುದ್ದಿ ಇಲ್ಲ, ಟೈಟಲ್ ಕಾರ್ಡ್ ಮಾತ್ರ ಇದೆ. ಅಪ್ಪ ಅಮ್ಮನ ಜೊತೆ ಚಾನೆಲ್ ಬದಲಿಸು ಅಂತ ಜಗಳ ಆಡೋದಕ್ಕಿಂತ ಇದನ್ನು ಒಟ್ಟಿಗೆ ಕೂತು ಮಾಡೋದು ಸುಲಭ. ಸರ್ಕಾರದ ಸೂಚನೆ ತಡೆದದ್ದು ಒಂದು ಸೈರನ್ ಸದ್ದನ್ನು ಮಾತ್ರ. ನಗಾರಿ ಇನ್ನೂ ಪ್ರತಿ ರಾತ್ರಿ ಮೊಳಗುತ್ತಿದೆ.