ಒಂದೇ ಹೆಸರು, ಎರಡು ಪ್ಲಾಟ್‌ಫಾರ್ಮು



ಥಾಣೆ, ಡೊಂಬಿವಲಿ, ಕಲ್ಯಾಣಗಳಿಂದ ದಾದರ್‌ಗೆ ಹೋಗಿಬರುವವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ದಾದರ್‌ನಲ್ಲಿ ಮಧ್ಯ ರೈಲ್ವೆ ಮತ್ತು ಪಶ್ಚಿಮ ರೈಲ್ವೆ ಕೂಡುತ್ತವೆ. ಬಹುಕಾಲ ಎರಡೂ ಕಡೆ ಒಂದನೇ ನಂಬರಿನ ಪ್ಲಾಟ್‌ಫಾರ್ಮು ಇತ್ತು. 'ಒಂದನೇ ನಂಬರಿಗೆ ಬಾ' ಎಂದರೆ ಯಾವ ಒಂದು? ಹೊಸಬರು ಗೊಂದಲಕ್ಕೆ ಬೀಳುತ್ತಿದ್ದರು. 2023ರ ಡಿಸೆಂಬರ್ 9ರಿಂದ ಪಶ್ಚಿಮದವು 1ರಿಂದ 7 ಎಂದೇ ಉಳಿದು, ಮಧ್ಯ ರೈಲ್ವೆಯವು 8ರಿಂದ 14 ಆದವು. ಒಂದು ನಂಬರಿಗೆ ಒಂದೇ ಜಾಗ ಎಂದಾಯಿತು.

ಥಾಣೆಯಲ್ಲೂ ಒಂದನೇ ನಂಬರಿದೆ, ಕಲ್ಯಾಣದಲ್ಲೂ ಇದೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ನಡುವೆ ನಿಲ್ದಾಣದ ಗಡಿಯಿದೆ. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಇಂಥ ಗಡಿಗೇ 'ಸ್ಕೋಪ್' ಎನ್ನುತ್ತಾರೆ. ವೇರಿಯಬಲ್ ಎಂದರೆ ಒಂದು ಬೆಲೆಗೆ ಇಟ್ಟ ಹೆಸರು. ಆ ಹೆಸರು ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಅದರ ಸ್ಕೋಪ್.

ಇದು ನಿಮಗೆ ತೀರ ಹೊಸದೇನಲ್ಲ. ಮನೆಯಲ್ಲಿ ಕನ್ನಡ, ಕೆಳಗಿನ ಅಂಗಡಿಯಲ್ಲಿ ಮರಾಠಿ, ಲೋಕಲ್‌ನಲ್ಲಿ ಹಿಂದಿ ಆಡುವವರು ನೀವು. 'ಅವಸರ' ನಮಗೆ ಗಡಿಬಿಡಿ, ಹಿಂದಿಯವರಿಗೆ ಸದವಕಾಶ. 'ಉಪನ್ಯಾಸ' ನಮಗೆ ಭಾಷಣ, ಅವರಿಗೆ ಕಾದಂಬರಿ. ಹೊಸ್ತಿಲು ದಾಟಿದೊಡನೆ ನೀವು ಅರ್ಥ ಬದಲಿಸಿಕೊಳ್ಳುತ್ತೀರಿ. ಯಂತ್ರಕ್ಕೆ ಆ ಜಾಣತನವಿಲ್ಲ; ಹೊಸ್ತಿಲು ಎಲ್ಲಿದೆಯೆಂದು ನಾವೇ ಬರೆದು ತೋರಿಸಬೇಕು.

ನಮ್ಮಂಥ ಸಂಘವೊಂದಕ್ಕೆ ನೀವು ಜಾಲತಾಣ ಕಟ್ಟುತ್ತೀರಿ ಎಂದುಕೊಳ್ಳಿ. ತಿಂಗಳ ನಾಲ್ಕು ಭಾನುವಾರ ನಾಲ್ಕು ಕಾರ್ಯಕ್ರಮ: ಭಜನೆ, ಕನ್ನಡ ತರಗತಿ, ಕಣ್ಣಿನ ತಪಾಸಣೆ, ನಾಟಕ. ಪ್ರತಿಯೊಂದಕ್ಕೂ ಒಂದು ಚೌಕ. ಚೌಕದಲ್ಲಿ ಹೆಸರು, ಸ್ಥಳ, 'ದಿನಾಂಕ ನೋಡಿ' ಎಂಬ ಗುಂಡಿ. ಒಂದು ಚೌಕ ಬರೆದು ಮೂರು ಸಲ ನಕಲು ಮಾಡಿದರೆ ಅಂದಿನ ಕೆಲಸವೇನೋ ಮುಗಿಯುತ್ತದೆ. ಆದರೆ ನಾಳೆ ಏನಾದರೂ ತಿದ್ದಬೇಕಾದರೆ ನಾಲ್ಕು ಕಡೆ ತಿದ್ದಬೇಕು. ಮೂರು ತಿದ್ದಿ ಒಂದನ್ನು ಮರೆಯುವುದು ಮನುಷ್ಯ ಸ್ವಭಾವ.

ಅದರ ಬದಲು ಚಕ್ಕುಲಿ ಒರಳನ್ನು ನೆನೆಯಿರಿ. ಒರಳು ಒಂದೇ, ಬಿಲ್ಲೆ ಬದಲಿಸಿದರೆ ಚಕ್ಕುಲಿಯೂ ಆಯಿತು, ಸೇವೂ ಆಯಿತು. ಹಾಗೆ ಚೌಕವನ್ನು ಒಮ್ಮೆ ಮಾತ್ರ ಬರೆದು, ಹೆಸರು, ಸ್ಥಳ, ದಿನಾಂಕಗಳನ್ನು ಹೊರಗಿನಿಂದ ಕೊಡುವುದೇ 'ಕಾಂಪೊನೆಂಟ್' ಪದ್ಧತಿ. ಫೇಸ್‌ಬುಕ್ ಕಂಪನಿ 2013ರಲ್ಲಿ ಎಲ್ಲರ ಬಳಕೆಗೆ ಬಿಟ್ಟ 'ರಿಯಾಕ್ಟ್' ಈ ಪದ್ಧತಿಯದೇ. ಹೊರಗಿನಿಂದ ಕೊಡುವ ಬೆಲೆಗಳಿಗೆ ಅಲ್ಲಿ 'ಪ್ರಾಪ್ಸ್' ಎಂದು ಹೆಸರು. ಕಾಂಪೊನೆಂಟು ಅವನ್ನು ಓದಬೇಕು, ತಿದ್ದಬಾರದು ಎಂಬುದು ಅಲ್ಲಿನ ನಿಯಮ.

ಇನ್ನು ಆ ಗುಂಡಿಗೆ ಬರೋಣ. ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ಬ್ರೆಂಡನ್ ಐಕ್ ಅವರು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದಾಗ ಹತ್ತೇ ದಿನಗಳಲ್ಲಿ ರಚಿಸಿದರು. ಅದರಲ್ಲಿ ವೇರಿಯಬಲ್ ಹೆಸರಿಸಲು 'ವಾರ್' ಎಂಬ ಪದವಿತ್ತು. ವಾರ್‌ಗೆ ಫಂಕ್ಷನ್ನೇ ಗಡಿ. ಲೂಪಿನ ಬ್ರಾಕೆಟ್ಟು ಅದಕ್ಕೆ ಗೋಡೆಯಲ್ಲ. ನಾಲ್ಕು ಚೌಕಗಳನ್ನು ಒಂದೇ ಲೂಪಿನಲ್ಲಿ ಮಾಡುತ್ತ, ದಿನಾಂಕಕ್ಕೆ ವಾರ್ ಬಳಸಿದಿರೋ, ನಾಲ್ಕು ಸುತ್ತಿಗೂ ಡಬ್ಬಿ ಒಂದೇ. ಪ್ರತಿ ಸುತ್ತಿನಲ್ಲೂ ಹಳೆಯದು ಹೋಗಿ ಹೊಸದು ತುಂಬುತ್ತದೆ. ಜನ ಗುಂಡಿ ಒತ್ತುವುದು ಲೂಪ್ ಮುಗಿದ ಮೇಲೆ. ಆಗ ಡಬ್ಬಿಯಲ್ಲಿ ಉಳಿದಿರುವುದು ನಾಟಕದ ದಿನಾಂಕ ಮಾತ್ರ. ಯಾವ ಗುಂಡಿ ಒತ್ತಿದರೂ ಅದೇ ನಾಲ್ಕನೇ ಭಾನುವಾರ!

ಕಲ್ಯಾಣದ ಅಜ್ಜಿಯೊಬ್ಬರು ಅದನ್ನು ನಂಬಿ, ಥಾಣೆಯಲ್ಲಿ ಗಾಡಿ ಬದಲಿಸಿ ವಾಶಿಯ ಸಭಾಗೃಹಕ್ಕೆ ಬರುತ್ತಾರೆ. ಅಲ್ಲಿ ನಾಟಕ ನಡೆದಿರುತ್ತದೆ. ಕಣ್ಣಿನ ಡಾಕ್ಟರು ಹಿಂದಿನ ವಾರವೇ ಬಂದು ಹೋಗಿರುತ್ತಾರೆ. ಪರದೆಯ ಮೇಲೆ ಯಾವ ದೋಷಸೂಚನೆಯೂ ಕಾಣಿಸಿರುವುದಿಲ್ಲ.

2015ರಲ್ಲಿ ಭಾಷೆಗೆ 'ಲೆಟ್', 'ಕಾನ್ಸ್ಟ್' ಎಂಬ ಎರಡು ಪದ ಸೇರಿದವು. ಇವಕ್ಕೆ ಬ್ರಾಕೆಟ್ಟೇ ಗೋಡೆ. ಲೂಪಿನೊಳಗೆ ವಾರ್ ಇದ್ದಲ್ಲಿ ಲೆಟ್ ಬರೆದರೆ ಪ್ರತಿ ಸುತ್ತಿಗೂ ಬೇರೆ ಡಬ್ಬಿ; ಪ್ರತಿ ಗುಂಡಿಗೂ ಅದರದೇ ದಿನಾಂಕ. ಹಾಗೆಂದು ಎಲ್ಲವನ್ನೂ ಒಳಗೇ ಮುಚ್ಚಿಡಬೇಡಿ. ಸಂಘದ ಹೆಸರು ಎಲ್ಲ ಚೌಕಕ್ಕೂ ಒಂದೇ. ಅದನ್ನು ಹೊರಗೆ ಒಮ್ಮೆ ಕಾನ್ಸ್ಟ್ ಎಂದು ಬರೆದರೆ ಸಾಕು. ಎಲ್ಲರಿಗೂ ಬೇಕಾದದ್ದು ಹೊರಗೆ, ಒಬ್ಬರಿಗೇ ಸೇರಿದ್ದು ಒಳಗೆ.

ಒಂದು ಎಚ್ಚರಿಕೆ. ಕೊನೆಯ ಗುಂಡಿಯೊಂದನ್ನೇ ಒತ್ತಿ 'ಸರಿಯಾಗಿದೆ' ಎನ್ನಬೇಡಿ. ಮೇಲಿನ ತಪ್ಪಿನಲ್ಲಿ ಕೊನೆಯದು ಯಾವಾಗಲೂ ಸರಿಯಾಗಿಯೇ ಇರುತ್ತದೆ. ಮೊದಲನೆಯದರಿಂದ ಶುರುಮಾಡಿ ಎಲ್ಲವನ್ನೂ ಒತ್ತಿ. ಆಮೇಲೆ ಮನೆಯ ಅಜ್ಜ ಅಜ್ಜಿಯರ ಕೈಗೆ ಫೋನು ಕೊಟ್ಟು, ಅವರು ಒತ್ತುವುದನ್ನು ಸುಮ್ಮನೆ ಕುಳಿತು ನೋಡಿ. ಅವರಿಗೆ ಸರಿಯಾದ ದಿನ ಸಿಕ್ಕಿತೆಂದರೆ ನಿಮ್ಮ ಕೆಲಸ ಪಾಸಾದಂತೆ.