ಮಯೋನೀಸ್‌ಗೆ ಯಾವ ಎಣ್ಣೆ ಅಂತ ಕೇಳೋ ಮುಂಚೆ ಕಣದ ಕಡೆ ನೋಡಿ

ಹೋದ ಭಾನುವಾರ ಮಗಳು ಅಡುಗೆಮನೆಯಿಂದ ಕೂಗಿದಳು: "ಅಪ್ಪಾ, ಮಯೋನೀಸ್ ಮಾಡ್ತಿದ್ದೀನಿ, ಯಾವ ಎಣ್ಣೆ ಹಾಕ್ಲಿ?" ಮುದ್ದೆ ತಿಂದು ಬೆಳೆದ ನನಗೆ ಅದು ಏನು ಅಂತಾನೇ ಸರಿಯಾಗಿ ಗೊತ್ತಿರಲಿಲ್ಲ. ಮೊಮೊ, ಷವರ್ಮಾ ಜೊತೆ ಕೊಡೋ ಬೆಳ್ಳಗಿನ ಕೆನೆ ಅಷ್ಟೇ ಅಂದ್ಕೊಂಡಿದ್ದೆ. ಪಕ್ಕದಲ್ಲಿ ನಿಂತು ನೋಡಿದ ಮೇಲೆ ಗೊತ್ತಾಯ್ತು, ಅದರಲ್ಲಿ ಮೂರರಲ್ಲಿ ಎರಡು ಪಾಲು ಬರೀ ಎಣ್ಣೆ. ನಾವು ಒಗ್ಗರಣೆಗೆ ಹಾಕೋದು ಒಂದು ಚಮಚ, ಇಲ್ಲಿ ಎಣ್ಣೆಯೇ ಊಟ. ಹಾಗಾಗಿ ಅವಳ ಪ್ರಶ್ನೆ ಸಣ್ಣದಲ್ಲ. ಉತ್ತರ ಹುಡುಕ್ತಾ ಹೋದರೆ ಅದು ನಮ್ಮ ಕಣಕ್ಕೆ, ಕೊಟ್ಟಿಗೆಗೆ ಬಂದು ನಿಂತಿತು. ಅದಕ್ಕೇ ಮಧುರೆ ಸುತ್ತಮುತ್ತಲ ಅಣ್ಣಂದಿರು, ಅಕ್ಕಂದಿರು ಓದಲಿ ಅಂತ ಬರೀತಿದ್ದೀನಿ.

ಮೊದಲು ಮೊಟ್ಟೆ ಮಾತು. ಅಂಗಡಿ ಮಯೋನೀಸ್‌ಗೆ ಹಸಿ ಮೊಟ್ಟೆ ಹಾಕಿ, ಹೊರಗೇ ಇಟ್ಟು ಮಾರಿ ಜನ ಆಸ್ಪತ್ರೆ ಸೇರಿದ್ದಾರೆ. ಕೇರಳ 2023ರ ಜನವರಿಯಲ್ಲಿ, ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಹಸಿ ಮೊಟ್ಟೆ ಮಯೋನೀಸ್ ನಿಷೇಧ ಮಾಡಿದವು. ಮನೇಲಿ ಮಾಡೋರು ಮೊಟ್ಟೆ ಬಿಟ್ಟು ಹಾಲಲ್ಲಿ ಮಾಡಿ. ಕಾಯಿಸಿ, ಫ್ರಿಡ್ಜಲ್ಲಿ ತಣ್ಣಗೆ ಮಾಡಿದ ಹಾಲು ಒಂದು ಲೋಟ, ಎಣ್ಣೆ ಎರಡು ಲೋಟ. ಹಾಲು, ಉಪ್ಪು, ಒಂದೆಸಳು ಬೆಳ್ಳುಳ್ಳಿ, ಚಿಟಿಕೆ ಸಾಸಿವೆ ಪುಡಿ ಮಿಕ್ಸಿಗೆ ಹಾಕಿ, ಎಣ್ಣೆಯನ್ನ ದಾರದ ಹಾಗೆ ಸಣ್ಣಗೆ ಬಿಡ್ತಾ ತಿರುಗಿಸಬೇಕು. ಗಟ್ಟಿಯಾದ ಮೇಲೆ ಕೊನೇಲಿ ನಿಂಬೆರಸ. ಅವಸರಕ್ಕೆ ಎಣ್ಣೆ ಒಟ್ಟಿಗೆ ಸುರಿದರೆ ಒಡೆದು ಹೋಗುತ್ತೆ. ಎರಡು ದಿನದೊಳಗೆ ಮುಗಿಸಿ.

ಈಗ ಎಣ್ಣೆಗೆ ಬರೋಣ. ತೆಂಗಿನೆಣ್ಣೆ ಮಯೋನೀಸ್‌ಗೆ ಆಗಲ್ಲ. 24 ಡಿಗ್ರಿ ಕೆಳಗೆ ಅದು ಹೆಪ್ಪುಗಟ್ಟುತ್ತೆ, ನಮ್ಮ ಕಡೆ ಮಾರ್ಗಶಿರದ ಚಳಿಗೇ ಬಾಟಲಲ್ಲಿ ಕಲ್ಲಾಗುತ್ತೆ. ಜೊತೆಗೆ ಅದರಲ್ಲಿ ಸುಮಾರು 90 ಭಾಗ ಗಟ್ಟಿ ಕೊಬ್ಬು, ಅಂದರೆ ಸ್ಯಾಚುರೇಟೆಡ್. ಪಾಮೊಲಿನ್‌ನಲ್ಲೂ ಅದು 40 ಭಾಗದ ಮೇಲಿದೆ. ಹುಚ್ಚೆಳ್ಳೆಣ್ಣೆ ಹೃದಯಕ್ಕೆ ಒಳ್ಳೇದೇ, ಆದರೆ ಬೇಗ ಕಮಟು ಹಿಡಿಯುತ್ತೆ, ಅದು ಚಟ್ನಿಪುಡಿಗೇ ಚೆಂದ. ಎಳ್ಳೆಣ್ಣೆ ಆಗುತ್ತೆ, ಘಮ ಮಾತ್ರ ಜಾಸ್ತಿ. ಚಿಕ್ಕಮಧುರೆ ಶನಿಮಹಾತ್ಮನ ದೇವಸ್ಥಾನಕ್ಕೆ ಹೋದಾಗ ಒಂದು ನೆನಪಿಡಿ: ದೀಪದ ಎಣ್ಣೆ ಅಂತ ಬರೆದ ಬಾಟಲು ದೀಪಕ್ಕೆ ಮಾತ್ರ, ಉಳೀತು ಅಂತ ಬಾಣಲೆಗೆ ಹುಯ್ಯೋದಲ್ಲ.

ನನ್ನ ಆಯ್ಕೆ ಕಡಲೆಕಾಯಿ ಎಣ್ಣೆ. ಅದರಲ್ಲಿ ಅರ್ಧದಷ್ಟು ಒಲೀಕ್ ಆಮ್ಲ, ಆಲಿವ್ ಎಣ್ಣೆಗೆ ಹೆಸರು ತಂದಿರೋದೂ ಇದೇ. ಬೇಗ ಕೆಡಲ್ಲ, ಬಾಯಿಗೂ ಹಿತ. ಗಾಣದಿಂದ ತಂದು ನಾಲ್ಕು ದಿನ ಗಸಿ ಇಳಿಯೋಕೆ ಬಿಟ್ಟು, ಮೇಲಿನ ತಿಳಿ ಬಳಸಿ. ಮಕ್ಕಳಿಗೆ ಘಮ ಹೆಚ್ಚಾಯ್ತು ಅಂದರೆ ಅರ್ಧ ಸೂರ್ಯಕಾಂತಿ ಎಣ್ಣೆ ಬೆರೆಸಿ. ಫ್ರಿಡ್ಜ್‌ನ ತೀರಾ ತಣ್ಣಗಿನ ಜಾಗದಲ್ಲಿ ಇಟ್ಟರೆ ಎಣ್ಣೆ ಗಟ್ಟಿಯಾಗಿ ಒಡೆಯಬಹುದು, ಬಾಗಿಲಿನ ತಟ್ಟೇಲಿ ಇಡಿ. ಒಂದು ಎಚ್ಚರ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ ಎಣ್ಣೆ-ತುಪ್ಪ ಎಲ್ಲಾ ಸೇರಿ 27 ಗ್ರಾಂ. ಒಂದು ದೊಡ್ಡ ಚಮಚ ಮಯೋನೀಸ್‌ನಲ್ಲೇ ಸುಮಾರು 10 ಗ್ರಾಂ ಹೋಗುತ್ತೆ. ಎಷ್ಟೇ ಒಳ್ಳೆ ಎಣ್ಣೆ ಆದರೂ ಇದು ಹಬ್ಬದ ತಿಂಡಿ, ದಿನದ ಸಾರಲ್ಲ.

ಇಲ್ಲಿಗೆ ಮುಗಿಸಿದ್ದರೆ ಇದು ಅಡುಗೆ ಮಾತಾಗ್ತಿತ್ತು. ಆದರೆ ಮಗಳು ನಮ್ಮ ಎಣ್ಣೆ ಕ್ಯಾನು ತೆಗೆದಾಗ ನನಗೆ ಒಂದು ವಿಷಯ ಚುಚ್ಚಿತು.

ಆ ಎಣ್ಣೆ ಯಾವ ಬೀಜದ್ದು? ಕಿತ್ತ ಹೊತ್ತಿಗೆ ಮಳೆ ಹಿಡಿದು ನಾಲ್ಕು ದಿನ ರಾಶಿಯಲ್ಲೇ ಬೆಚ್ಚಗಾದ ಕಾಯಿದು. ಚೆನ್ನಾಗಿರೋದನ್ನ ಆರಿಸಿ ವ್ಯಾಪಾರಿಗೆ ಕೊಟ್ಟೆ. ಕಪ್ಪು ತಿರುಗಿದ್ದು, ಗೆದ್ದಲು ತಿಂದಿದ್ದು, ಗುದ್ದಲಿ ತಾಗಿ ಒಡೆದಿದ್ದು, ಜೊಳ್ಳು, ಎಲ್ಲಾ ಒಂದು ಚೀಲ ಮಾಡಿ "ಮನೆಗಾಗುತ್ತೆ ಬಿಡು" ಅಂತ ಗಾಣಕ್ಕೆ ಹಾಕ್ಸಿದೆ. ನಾನೊಬ್ಬನೇ ಅಲ್ಲ, ನಮ್ಮಲ್ಲಿ ಬಹಳ ಜನ ಮಾಡೋದು ಇದನ್ನೇ. ಒಳ್ಳೇದು ಮಾರುಕಟ್ಟೆಗೆ, ಕೆಟ್ಟಿದ್ದು ಗಾಣಕ್ಕೆ. ಆಮೇಲೆ "ನಮ್ದು ಗಾಣದ ಎಣ್ಣೆ ಕಣ್ರೀ, ಶುದ್ಧ" ಅಂತ ಎದೆ ತಟ್ಕೊಳ್ಳೋದು.

ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಟಾಕ್ಸಿನ್ ಅನ್ನೋ ವಿಷ ಸೇರುತ್ತೆ. ಆಸ್ಪರ್ಜಿಲಸ್ ಅನ್ನೋ ಶಿಲೀಂಧ್ರ ಅದನ್ನ ಮಾಡೋದು. ಕಾಯಿ ಬಲಿಯೋ ಕಾಲಕ್ಕೆ ಬರ ಬಿದ್ದರೂ ಬರುತ್ತೆ, ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೂ ಬರುತ್ತೆ. ಬಣ್ಣ ಇಲ್ಲ, ರುಚಿ ಇಲ್ಲ. ಹುರಿದರೂ ಕರಿದರೂ ಪೂರ್ತಿ ಹೋಗಲ್ಲ. ವರ್ಷಗಟ್ಟಲೆ ಸ್ವಲ್ಪಸ್ವಲ್ಪ ಹೊಟ್ಟೆಗೆ ಸೇರಿದರೆ ಲಿವರ್ ಕೆಡಿಸುತ್ತೆ, ಕ್ಯಾನ್ಸರ್‌ಗೂ ಕಾರಣ ಆಗುತ್ತೆ. ಕಾರ್ಖಾನೇಲಿ ರಿಫೈನ್ ಮಾಡುವಾಗ ಕ್ಷಾರ ಹಾಕಿ, ಬಣ್ಣ ತೆಗೆಯೋ ಹಂತದಲ್ಲಿ ಈ ವಿಷ ಹೆಚ್ಚುಕಡಿಮೆ ಹೊರಟುಹೋಗುತ್ತೆ. ಗಾಣದ ಎಣ್ಣೆಗೆ ಆ ಜರಡಿ ಇಲ್ಲ. ಬೀಜದಲ್ಲಿ ಇದ್ದಿದ್ದರಲ್ಲಿ ಒಂದು ಪಾಲು ಎಣ್ಣೆಗೂ ಇಳಿಯುತ್ತೆ. ಅದಕ್ಕೇ ಹೇಳೋದು: ಗಾಣದ್ದು ಅಂದ ಮಾತ್ರಕ್ಕೆ ಅಮೃತ ಅಲ್ಲ, ರಿಫೈನ್ಡ್ ಅಂದ ಮಾತ್ರಕ್ಕೆ ವಿಷ ಅಲ್ಲ. ಒಳ್ಳೆ ಬೀಜದ ಗಾಣದೆಣ್ಣೆಗೆ ಸಮ ಇಲ್ಲ. ಕೆಟ್ಟ ಬೀಜದ ಗಾಣದೆಣ್ಣೆಗಿಂತ ಅಂಗಡಿ ಪ್ಯಾಕೆಟ್ಟೇ ವಾಸಿ.

ಇನ್ನೂ ದೊಡ್ಡ ಪಾಲು ಎಲ್ಲಿಗೆ ಹೋಗುತ್ತೆ? ಹಿಂಡಿಗೆ. ಹಿಂಡಿ ಹಸುವಿಗೆ. ಹಸು ತಿಂದ ಒಂದೆರಡು ದಿನದೊಳಗೆ ಅದೇ ವಿಷ ರೂಪ ಬದಲಿಸಿ, ಅಫ್ಲಟಾಕ್ಸಿನ್ ಎಂ1 ಆಗಿ ಹಾಲಲ್ಲಿ ಬರುತ್ತೆ. ಹಾಲು ಕಾಯಿಸಿದರೂ ಹೋಗಲ್ಲ. ಹಾಲಲ್ಲಿ ಅದು ಕೆ.ಜಿ.ಗೆ 0.5 ಮೈಕ್ರೋಗ್ರಾಂ ದಾಟಬಾರದು ಅಂತ ಕಾನೂನೇ ಇದೆ. ಈಗ ಮಗಳ ಮಿಕ್ಸಿ ಜಾರು ನೆನೆಸ್ಕೊಳ್ಳಿ. ಅದರಲ್ಲಿ ಇರೋದು ಎರಡೇ: ಎಣ್ಣೆ, ಹಾಲು. ಎರಡೂ ನಾನು "ಮನೆಗಾಗುತ್ತೆ ಬಿಡು" ಅಂದ ಒಂದೇ ಚೀಲದಿಂದ ಬಂದಿದ್ದು. ಉಳಿದ ಹಾಲು ಬೆಳಿಗ್ಗೆ ಡೈರಿ ಕ್ಯಾನಿಗೆ ಹೋಗಿ, ಯಾರದೋ ಮನೆ ಮಗುವಿನ ಲೋಟಕ್ಕೆ ಸೇರಿತ್ತು. ಆ ಕ್ಯಾನಿನ ಎಣ್ಣೇನ ಕೊಟ್ಟಿಗೆ ದೀಪಕ್ಕೆ ಇಟ್ಟೆ, ಹಿಂಡಿ ಗುಂಡಿಗೆ ಹಾಕಿದೆ. ಹೊಟ್ಟೆ ಉರೀತು, ಆದರೂ ಹಾಕಿದೆ. ಹಿಂಡಿ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಹಾಲು ಸರಿಹೋಗುತ್ತೆ, ಅದೊಂದು ಸಮಾಧಾನ.

"ಅಷ್ಟು ಆರಿಸ್ಕೊಂಡು ಕೂತ್ರೆ ಕೂಲಿ ಯಾರು ಕೊಡ್ತಾರೆ?" ಅಂತ ಕೇಳ್ತೀರಿ. ನ್ಯಾಯವಾದ ಮಾತು. ಲೆಕ್ಕ ಹಾಕೋಣ. ಒಂದು ಕ್ವಿಂಟಾಲ್ ಕಾಯಿ ಸುಲಿದರೆ 70 ಕೆ.ಜಿ ಬೀಜ, ಗಾಣದಲ್ಲಿ 28 ಕೆ.ಜಿ ಎಣ್ಣೆ, ಅಂದರೆ ಸುಮಾರು 30 ಲೀಟರ್. 2025-26ರ ಬೆಂಬಲ ಬೆಲೆ ಕ್ವಿಂಟಾಲ್‌ಗೆ ₹7,263. ಲೀಟರಿಗೆ ಕಾಯಿ ಬೆಲೆಯೇ ₹240ರ ಮೇಲಾಯ್ತು. ಸುಲಿಯೋದು, ಆಡಿಸೋದು ಬೇರೆ. ಹಿಂಡಿ ಒಂದಷ್ಟು ತೂಗಿಸುತ್ತೆ. ಯಾರಾದರೂ ₹150ಕ್ಕೆ ಗಾಣದ ಕಡಲೆಕಾಯಿ ಎಣ್ಣೆ ಅಂತ ಮಾರಿದರೆ, ಬೀಜ ಯಾವುದಣ್ಣ ಅಂತ ಕೇಳೋದು ತಪ್ಪಲ್ಲ. ನಾವೇ ಮಾರುವಾಗಲೂ ಅದೇ ಪ್ರಶ್ನೆ ನಮಗೂ ಬರಲಿ. ಬೆಂಗಳೂರಿನವರು ಗಾಣದ ಎಣ್ಣೆಗೆ ಹೆಚ್ಚು ಕೊಡೋದು ಮರದ ಒರಳು ನೋಡಿ ಅಲ್ಲ, ನಮ್ಮ ಮೇಲಿನ ನಂಬಿಕೆಗೆ. ಕೆಟ್ಟ ಬೀಜ ಕಾಯಿಯ ತೂಕದಲ್ಲಿ ಬಹಳ ಅಂದರೆ ನೂರಕ್ಕೆ ಐದೋ ಎಂಟೋ ಕೆ.ಜಿ. ಅದಕ್ಕೋಸ್ಕರ ಪೂರ್ತಿ 30 ಲೀಟರ್ ಕೆಡಿಸ್ಕೊಳ್ಳೋದು ಜಿಪುಣತನದ ನಷ್ಟ.

ಮಾಡಬೇಕಾದ್ದು ದೊಡ್ಡದೇನಲ್ಲ. ಕಿತ್ತ ಗಿಡವನ್ನ ಕಾಯಿ ಮೇಲೆ ಬರೋ ಹಾಗೆ ತಿರುಗಿಸಿ ಸಾಲು ಹಾಕಿ, ಹಸಿ ರಾಶಿ ಮಾಡಬೇಡಿ. ಬಿಡಿಸಿದ ಕಾಯಿ ಕಿವಿ ಹತ್ರ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನೋವರೆಗೂ ಒಣಗಿಸಿ, ತೇವ ನೂರಕ್ಕೆ ಎಂಟರ ಹತ್ತಿರ ಇಳೀಬೇಕು. ಮಣ್ಣಿನ ಮೇಲೆ ಬೇಡ, ಟಾರ್ಪಾಲು ಹಾಸಿ. ಪ್ಲಾಸ್ಟಿಕ್ ಚೀಲ ಬೇಡ, ಗೋಣಿಚೀಲ, ಕೆಳಗೆ ಹಲಗೆ. ಗಾಣಕ್ಕೆ ಹೋಗೋ ಮುಂಚಿನ ಸಂಜೆ ಮನೆಯವರೆಲ್ಲಾ ಕೂತು ಬೀಜ ಆರಿಸಿ. ಸುಕ್ಕಿದ್ದು, ಬಣ್ಣಗೆಟ್ಟಿದ್ದು, ಹಸಿರು-ಹಳದಿ ಪುಡಿ ಹಿಡಿದಿದ್ದು ಆಚೆಗೆ. ಅದನ್ನ ಹಸುವಿಗೂ ಬೇಡ, ಕೋಳಿಗೂ ಬೇಡ.

ಕೊನೇ ಮಾತು. ನಮ್ಮ ದೇಶ ತಿನ್ನೋ ಎಣ್ಣೇಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರುತ್ತೆ. 2025ರ ಮೇ ಕೊನೇಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆ ಮೇಲಿನ ಮೂಲ ಸುಂಕ 20ರಿಂದ 10ಕ್ಕೆ ಇಳೀತು. ಬೆಲೆಯಲ್ಲಿ ಹಡಗಿನ ಎಣ್ಣೆ ಜೊತೆ ನಾವು ಗುದ್ದಾಡೋಕೆ ಆಗಲ್ಲ. ನಮ್ಮ ಕೈಲಿ ಇರೋದು ಗುಣ ಒಂದೇ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹುಚ್ಚೆಳ್ಳು, ಸಾಸಿವೆ ಬಿಡ್ತಾ ಇದ್ದ ನಮ್ಮ ಹಿರಿಯರು ಮನೆ ಎಣ್ಣೇನ ಮಿಕ್ಕಿದ್ದು ಅಂತ ನೋಡಲಿಲ್ಲ. ಬಿತ್ತನೆಗೆ ಎತ್ತಿಟ್ಟ ಹಾಗೇ ಊಟಕ್ಕೂ ಎತ್ತಿಡ್ತಿದ್ದರು.

ಈ ಸಲ ನಾನು ಮೊದಲ ಎರಡು ಚೀಲ, ಚೆನ್ನಾಗಿರೋದೇ, ಮನೆಗೆ ಇಟ್ಟು ಆಮೇಲೆ ವ್ಯಾಪಾರಿಗೆ ಫೋನ್ ಮಾಡ್ತೀನಿ. ಮಗಳಿಗೂ ಹೇಳಿದ್ದೀನಿ, ಮಯೋನೀಸ್ ಹೊಸ ಎಣ್ಣೆ ಬಂದ ಮೇಲೆ ಅಂತ. ನಿಮ್ಮನೇಲಿ ಗಾಣಕ್ಕೆ ಹೋಗೋ ಚೀಲದಲ್ಲಿ ಏನಿದೆ, ಒಂದು ಸಲ ಬಿಚ್ಚಿ ನೋಡಿ.