ದಮಾಮಿ ಹಾಡಿಗೂ ಹೆಸರು ಬೇಕು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ ದಾಟಿದರೆ ಸಿಗುವ ಕಾಡಂಚಿನ ಊರುಗಳಲ್ಲಿ ಸಿದ್ದಿಗಳು ಚರ್ಮವಾದ್ಯದ ಲಯಕ್ಕೆ ಹಾಡುವ ದಮಾಮಿ ಹಾಡನ್ನು ಕಟ್ಟಿದವರು ಇಂಥವರೇ ಎಂದು ಯಾರೂ ಹೇಳುವುದಿಲ್ಲ. ಕೇರಿಯೆಲ್ಲ ಸೇರಿ ಹಾಡುವಾಗ ಅದು ಬೇಕಾಗಿಯೂ ಇಲ್ಲ. ಆದರೆ ಆ ಹಾಡು ಸ್ಟುಡಿಯೊ ಸೇರಿ ಮಾರಾಟದ ಸರಕಾದ ದಿನ, ಹೆಸರಿಲ್ಲದವರಿಗೆ ದುಡ್ಡೂ ಇಲ್ಲ, ಮನ್ನಣೆಯೂ ಇಲ್ಲ.

ಇದು ಬರೀ ಶಂಕೆಯಲ್ಲ, ಬೇರೆಡೆ ಹೀಗೇ ಆಗಿದೆ. 1979ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ 'ರ‍್ಯಾಪರ್ಸ್ ಡಿಲೈಟ್' ಎಂಬ ರ‍್ಯಾಪ್ ಹಾಡು ಬಿಡುಗಡೆಯಾಯಿತು. ಆರು ವರ್ಷಗಳಿಂದ ನ್ಯೂಯಾರ್ಕಿನ ಬ್ರಾಂಕ್ಸ್ ಬೀದಿಗಳಲ್ಲಿ, ಕಪ್ಪು ಜನರ ಪಾರ್ಟಿಗಳಲ್ಲಿ ಬೆಳೆದಿದ್ದ ಬಾಯಿಮಾತಿನ ಕಲೆಯನ್ನು ಜಗತ್ತಿಗೆ ಕೇಳಿಸಿದ ಹಾಡು ಅದು. ಹಾಡಿದ ಶುಗರ್‌ಹಿಲ್ ಗ್ಯಾಂಗ್ ಮಾತ್ರ ಆ ಬೀದಿಗಳಲ್ಲಿ ಬೆಳೆದ ತಂಡವಲ್ಲ. ಸಿಲ್ವಿಯಾ ರಾಬಿನ್ಸನ್ ಎಂಬ ನಿರ್ಮಾಪಕಿ ನ್ಯೂಜೆರ್ಸಿಯಲ್ಲಿ ಮೂವರನ್ನು ಹುಡುಕಿ ಕಟ್ಟಿದ್ದು. ಅವರಲ್ಲೊಬ್ಬ, ಪಿಜ್ಜಾ ಅಂಗಡಿಯಲ್ಲಿ ದುಡಿಯುತ್ತಿದ್ದ ಬಿಗ್ ಬ್ಯಾಂಕ್ ಹ್ಯಾಂಕ್. ಅವನು ಹಾಡಿದ ಸಾಲುಗಳು ಬ್ರಾಂಕ್ಸಿನ ರ‍್ಯಾಪರ್ ಗ್ರ್ಯಾಂಡ್‌ಮಾಸ್ಟರ್ ಕಾಜ್‌ನ ನೋಟುಬುಕ್ಕಿನವು. ಕಾಜ್ ತನ್ನ ವೇದಿಕೆಯ ಹೆಸರನ್ನೇ ಅಕ್ಷರ ಬಿಡಿಸಿ ಹೇಳುವ ಸಾಲೂ ಹಾಗೆಯೇ ಧ್ವನಿಮುದ್ರಣಗೊಂಡಿದೆ. ಬರೆದವನ ಹೆಸರು ಹಾಡಿನೊಳಗೇ ಇದೆ, ರೆಕಾರ್ಡಿನ ಮೇಲೆ ಇಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಅದೇ ಹಾಡಿನ ಬೇಸ್ ಗಿಟಾರ್ ನುಡಿಕೆ ಶೀಕ್ ತಂಡದ 'ಗುಡ್ ಟೈಮ್ಸ್'ನದು. ಆ ತಂಡದ ನೈಲ್ ರಾಜರ್ಸ್ ಕಾನೂನಿನ ಮಾತೆತ್ತಿದ ಮೇಲೆ ಅವರಿಗೂ ಜೊತೆಗಾರ ಬರ್ನಾರ್ಡ್ ಎಡ್ವರ್ಡ್ಸ್‌ಗೂ ಕರ್ತೃಗಳ ಸ್ಥಾನ ಸಿಕ್ಕಿತು. ಕಾಗದಪತ್ರ ಇದ್ದವರು ಗೆದ್ದರು, ನೋಟುಬುಕ್ಕು ಕೊಟ್ಟವನು ಸೋತ.

ಸಿದ್ದಿಗಳ ಬಳಿ ನೋಟುಬುಕ್ಕೂ ಇಲ್ಲ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ವಂಶದವರು ಇವರು. ಸರ್ಕಾರದ ಮನ್ನಣೆಯೂ ತಡವಾಗಿಯೇ ಬಂತು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡವಾದರೆ, ಬೆಳಗಾವಿ, ಧಾರವಾಡದವರು 2020ರವರೆಗೆ ಕಾಯಬೇಕಾಯಿತು. ಹಾಡಿನ ಮಾತಿಗೆ ಬಂದರೆ, 2021ರ 'ಸಲಗ' ಚಿತ್ರದ 'ಟಿಣಿಂಗ ಮಿಣಿಂಗ ಟಿಶ್ಯಾ' ಗಾಯಕರ ಪಟ್ಟಿಯಲ್ಲಿ ಗಿರಿಜಾ ಸಿದ್ದಿಯವರ ಹೆಸರು ಬಂದದ್ದು ಸಂತೋಷದ ವಿಷಯ. ಎಲ್ಲರಿಗೂ ಅಂಥ ಅವಕಾಶ ಸಿಗುವುದಿಲ್ಲ.

2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆ ಗೀತರಚನೆಕಾರರಿಗೂ ಗಾಯಕರಿಗೂ ರಾಯಲ್ಟಿಯ ಬಲ ತಂದಿದೆ. ಆದರೆ ತಲೆಮಾರುಗಳಿಂದ ಬಂದ ಹಾಡಿನ ಕರ್ತೃ ಯಾರೆಂದೇ ಗೊತ್ತಿಲ್ಲ. ಅಲ್ಲಿ ಹಾಡಿದವರಿಗೆ ಹಾಡಿದ ಹಕ್ಕು ಮಾತ್ರ, ಸಮುದಾಯಕ್ಕೆ ಏನೂ ಇಲ್ಲ. ಈಗ ಕನ್ನಡದ ರ‍್ಯಾಪ್ ಹುಡುಗರು ಒಂದೊಂದೇ ಹಾಡನ್ನು ನೇರ ಮೊಬೈಲಿಗೆ ಬಿಡುತ್ತಾರೆ. ದಮಾಮಿಯ ಲಯ ಅವರನ್ನು ಸೆಳೆದರೆ ತಪ್ಪೇನಿಲ್ಲ, ಸೆಳೆಯಲಿ.

ಆದರೆ ಅದಕ್ಕೂ ಮೊದಲು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಮತ್ತು ಜಾನಪದ ಅಕಾಡೆಮಿ ಖಾನಾಪುರದ ಸಿದ್ದಿ ಹಾಡುಗಾರರನ್ನು ಊರು, ಹೆಸರು, ದಿನಾಂಕ ಸಮೇತ ಈಗಲೇ ಧ್ವನಿಮುದ್ರಿಸಿಕೊಳ್ಳಲಿ. ಅವರ ಹಾಡು ಬಳಸುವ ಸಂಗೀತಗಾರರು ಮೊದಲು ಕನ್ನಡದಲ್ಲೇ ಕರಾರು ಬರೆದು, ಓದಿ ಹೇಳಿ, ಒಂದು ಪ್ರತಿ ಹಾಡಿದವರ ಕೈಗೆ ಕೊಡಲಿ.